ಮೈಸೂರು ನೋಡಿದ್ದಾಯಿತು!

"ಮೈಸೂರು ನೋಡಿದ್ದೀರಾ?" ಎಂದು ನಮ್ಮ ಸೀಮೆಯಲ್ಲಿ ಯಾರನ್ನಾದರೂ ಕೇಳಿ. ಇಲ್ಲವೆನ್ನುವವರು ಸಿಕ್ಕುವುದು ಕಷ್ಟ. ಏನೇನು ನೋಡಿದಿರಿ ಎಂದರೆ ಎಲ್ಲರ ಉತ್ತರವೂ ಒಂದೇ: ಮೃಗಾಲಯ, ಅರಮನೆ, ಚಾಮುಂಡಿಬೆಟ್ಟ, ಸಂಜೆಗೆ ಕನ್ನಂಬಾಡಿಯ ಕಾರಂಜಿ. ಅಜ್ಜ ನೋಡಿದ್ದೂ ಇವನ್ನೇ, ಅಪ್ಪ ನೋಡಿದ್ದೂ ಇವನ್ನೇ, ಈಗ ಮೊಮ್ಮಗ ಮೊಬೈಲು ಎತ್ತಿ ಹಿಡಿದು ನೋಡುತ್ತಿರುವುದೂ ಇವನ್ನೇ. ಇದರಲ್ಲಿ ತಪ್ಪೇನು ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಅವರಿಗೆ ಉತ್ತರ ಕೊಡುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ತಪ್ಪು ಇದೆ, ದೊಡ್ಡದೇ ಇದೆ. ಅದಕ್ಕೆ ನಾವೇ ಇಟ್ಟುಕೊಂಡ ಒಂದು ಹೆಸರೂ ಇದೆ: 'ಒಂದೇ ದಿನದಲ್ಲಿ ಮೈಸೂರು'.

ನಾನು ಮಂಡ್ಯ ಜಿಲ್ಲೆಯ ಹಳ್ಳಿಗಾಡಿನಲ್ಲಿ ಬಹುಕಾಲ ಮೇಷ್ಟರಾಗಿದ್ದವನು. ಡಿಸೆಂಬರ್ ಹುಟ್ಟಿತೆಂದರೆ ಶಾಲೆಯಲ್ಲಿ ಪ್ರವಾಸದ ಮಾತು. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು. ಐವತ್ತು ಸೀಟಿನ ಬಸ್ಸಿಗೆ ಎಪ್ಪತ್ತು ಮಕ್ಕಳು, ಹಿಂದೆ ಪುಳಿಯೋಗರೆಯ ಕೊಪ್ಪರಿಗೆ, ನೀರಿನ ಡ್ರಮ್ಮು. ಶ್ರೀರಂಗಪಟ್ಟಣದಲ್ಲಿ ಇಳಿ, ರಂಗನಾಥನಿಗೆ ಕೈ ಮುಗಿ, ಹತ್ತು. ನಿಮಿಷಾಂಬದಲ್ಲಿ ಇಳಿ, ಹತ್ತು. ಮೃಗಾಲಯದಲ್ಲಿ ಜಿರಾಫೆ ಕಂಡ ಕೂಡಲೇ ಹುಲಿ, ಹುಲಿ ಕಂಡ ಕೂಡಲೇ ಗೇಟು. ಅರಮನೆಯಲ್ಲಿ ಚಪ್ಪಲಿ ಬಿಡುವುದಕ್ಕೆ ಒಂದು ಸಾಲು, ಹುಡುಕಿ ಹಾಕಿಕೊಳ್ಳುವುದಕ್ಕೆ ಇನ್ನೊಂದು. ಬೆಟ್ಟದಲ್ಲಿ ಮಹಿಷಾಸುರನ ಮುಂದೆ ಗ್ರೂಪ್ ಫೋಟೋ. ಕತ್ತಲಾಗುವ ಹೊತ್ತಿಗೆ ಬೃಂದಾವನ. ರಾತ್ರಿ ಒಂದು ಗಂಟೆಗೆ ಊರು. ಅರ್ಧ ಮಕ್ಕಳಿಗೆ ವಾಂತಿ, ಉಳಿದರ್ಧಕ್ಕೆ ನಿದ್ದೆ. ಒಂದು ವರ್ಷ ಈ ಇಪ್ಪತ್ತೊಂದು ಗಂಟೆಯ ಲೆಕ್ಕವನ್ನು ಗಡಿಯಾರ ನೋಡಿ ಬರೆದಿಟ್ಟೆ. ಬಸ್ಸಿನಲ್ಲಿ ಕೂತದ್ದು, ಸಾಲಿನಲ್ಲಿ ನಿಂತದ್ದು, ಊಟ, ಮತ್ತೆ ಮತ್ತೆ ತಲೆ ಎಣಿಸಿದ್ದು ಇಷ್ಟನ್ನೂ ಕಳೆದರೆ ಮಕ್ಕಳ ಕಣ್ಣಿಗೆ ಉಳಿದದ್ದು ಮೂರು ಗಂಟೆಗೂ ಕಡಿಮೆ. ಅದೂ ಏಳು ಜಾಗಕ್ಕೆ ಹಂಚಿ.

ಮರುದಿನ ಕನ್ನಡ ಪಿರಿಯಡ್ಡಿನಲ್ಲಿ 'ನಾವು ಕೈಗೊಂಡ ಪ್ರವಾಸ' ಎಂದು ಪ್ರಬಂಧ ಬರೆಸುವುದು ರೂಢಿ. ಎಪ್ಪತ್ತು ಪುಸ್ತಕ ತೆರೆದರೆ ಎಪ್ಪತ್ತರಲ್ಲೂ ಒಂದೇ ವಾಕ್ಯ: 'ಅರಮನೆ ತುಂಬಾ ಚೆನ್ನಾಗಿತ್ತು.' ಏನು ಚೆನ್ನಾಗಿತ್ತು, ಹೇಗೆ ಚೆನ್ನಾಗಿತ್ತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಮಕ್ಕಳು ದಡ್ಡರೆಂದು ತಿಳಿಯಬೇಡಿ. ಊರ ಜಾತ್ರೆಯ ಬಗ್ಗೆ ಬರೆಯಿರಿ ಎಂದರೆ ಇದೇ ಮಕ್ಕಳು ಎರಡು ಪುಟ ತುಂಬಿಸಿ ಇನ್ನೊಂದು ಹಾಳೆ ಕೇಳುತ್ತವೆ. ಜಾತ್ರೆಯಲ್ಲಿ ಅವು ನಿಂತು ನೋಡಿರುತ್ತವೆ, ಕೈಯಿಂದ ಮುಟ್ಟಿರುತ್ತವೆ, ಯಾರನ್ನೋ ಏನೋ ಕೇಳಿರುತ್ತವೆ. ಒಂದೇ ದಿನದ ಮೈಸೂರಿನಲ್ಲಿ ನಿಲ್ಲುವ ಅವಕಾಶವೇ ಇಲ್ಲ. ನಿಲ್ಲದೆ ಕಂಡದ್ದನ್ನು ನೋಡಿದ್ದು ಎನ್ನುವುದಾದರೆ ಬಸ್ಸಿನ ಡ್ರೈವರನಷ್ಟು ದೇಶ ನೋಡಿದವರು ಬೇರೆ ಯಾರೂ ಇಲ್ಲ.

ಅರಮನೆಯ ಮೇಲೆ ನನಗೇನೂ ಸಿಟ್ಟಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಕಾಲದಲ್ಲಿ ಬೆಂಕಿಗೆ ಸಿಕ್ಕಿತು. ಹೆನ್ರಿ ಇರ್ವಿನ್ ನಕ್ಷೆ ಬರೆದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅದರ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳಿವೆ. ಅವುಗಳಲ್ಲಿರುವ ಮುಖಗಳು ಕಲ್ಪನೆಯ ಮುಖಗಳಲ್ಲ. ಆ ಮೆರವಣಿಗೆಯಲ್ಲಿ ನಿಜವಾಗಿ ಇದ್ದವರ ಮುಖಗಳು. ಯಾರು ಅಂಬಾರಿಯಲ್ಲಿ ಕೂತಿದ್ದಾರೆ, ಯಾರು ಕುದುರೆ ಏರಿದ್ದಾರೆ, ಯಾರು ನಡೆಯುತ್ತಿದ್ದಾರೆ ಎಂದು ಒಂದು ಮಗು ಅರ್ಧ ಗಂಟೆ ನಿಂತು ನೋಡಿದರೆ ರಾಜ್ಯವೆಂದರೆ ಏನಾಗಿತ್ತು ಎಂಬುದರ ಪಾಠ ಅಲ್ಲೇ ಮುಗಿದುಹೋಗುತ್ತದೆ. ಆದರೆ ಅರ್ಧ ನಿಮಿಷ ನಿಂತರೆ ಹಿಂದಿನವರು ನೂಕುತ್ತಾರೆ. ಎಲ್ಲರಿಗೂ ಬೃಂದಾವನದ ಅವಸರ.

ಅರಮನೆಯಿಂದ ಕೂಗಳತೆಯಲ್ಲಿ ಜಗನ್ಮೋಹನ ಅರಮನೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1915ರಿಂದ ಚಿತ್ರಶಾಲೆ. ರವಿವರ್ಮನ ಮೂಲಚಿತ್ರಗಳು ಅಲ್ಲಿವೆ. ದೀಪ ಹಿಡಿದ ಹೆಂಗಸಿನ ಚಿತ್ರವೂ ಅಲ್ಲಿದೆ. ಆ ಚಿತ್ರದ ಅಚ್ಚುಪ್ರತಿ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿತ್ತು, ಅದು ರವಿವರ್ಮನದೇ ಎಂದು ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. ಅದನ್ನು ಬರೆದವರು ಎಸ್. ಎಲ್. ಹಲ್ದಣಕರ್. ಮುಂದೆ ಹೋಗಿ ಹೆಸರು ಓದಿದರೆ ಅರ್ಧ ನಿಮಿಷದಲ್ಲಿ ತೀರುವ ತಪ್ಪು ಹೀಗೆ ತಲೆಮಾರುಗಟ್ಟಲೆ ಉಳಿದುಬಂದಿದೆ.

ರೈಲು ನಿಲ್ದಾಣದ ಹತ್ತಿರವೇ ರೈಲ್ವೆ ಮ್ಯೂಸಿಯಂ ಇದೆ, 1979ರಿಂದ. ದಿಲ್ಲಿಯ ರೈಲ್ವೆ ಸಂಗ್ರಹಾಲಯ ತೆರೆದ ಎರಡೇ ವರ್ಷಕ್ಕೆ ನಮ್ಮಲ್ಲೂ ತೆರೆಯಿತು. ಮಹಾರಾಣಿಯವರ ಸಲೂನ್ ಬೋಗಿ, ಹಳೆಯ ಉಗಿ ಇಂಜಿನ್ನುಗಳು, ಹಳಿಯ ಮೇಲೆ ಓಡುವಂತೆ ಮಾಡಿದ ಆಸ್ಟಿನ್ ಕಾರು, ಮಕ್ಕಳಿಗೊಂದು ಪುಟಾಣಿ ರೈಲು. ಹತ್ತಬಹುದು, ಇಳಿಯಬಹುದು. ಮಕ್ಕಳಿಗೆ ಇದಕ್ಕಿಂತ ಬೇಕೇ? ದೊಡ್ಡವರು ಬಾಯಿಬಿಟ್ಟು ಹೇಳಬೇಕಾದ ಕಥೆಯೂ ಅಲ್ಲೇ ಇದೆ. ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಅಂದರೆ 1876-78ರಲ್ಲಿ, ಮೈಸೂರು ಸಂಸ್ಥಾನ ನಿರ್ಜನವಾಗುವಂತಾಯಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕೆಂದು ಹಿಡಿದ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲು ದಾರಿಯೂ ಒಂದು. 1882ರಲ್ಲಿ ಮೈಸೂರಿಗೆ ರೈಲು ಬಂತು. ನಮ್ಮ ಮುತ್ತಾತಂದಿರ ಹಸಿದ ಹೊಟ್ಟೆ ಮಣ್ಣು ಹೊತ್ತ ದಾರಿ ಅದು. ಮಂಡ್ಯದ ಮಕ್ಕಳು ದಿನಾ ಆ ರೈಲಿನ ಕೂಗು ಕೇಳುತ್ತಾರೆ. ಕಥೆ ಮಾತ್ರ ಯಾರೂ ಅವರಿಗೆ ಹೇಳಿಲ್ಲ.

ಮೃಗಾಲಯದ ಮಗ್ಗುಲಲ್ಲಿ ಕಾರಂಜಿ ಕೆರೆ. ಅದರ ಪಕ್ಕದಲ್ಲಿ 1995ರಲ್ಲಿ ತೆರೆದ ನಿಸರ್ಗ ಚರಿತ್ರೆಯ ಸಂಗ್ರಹಾಲಯ. ಬೋನಿನಲ್ಲಿ ಹುಲಿ ನೋಡಿದ ಮಗುವಿಗೆ, ಆ ಹುಲಿಗೆ ಕಾಡು ಯಾಕೆ ಬೇಕು, ಕಾಡಿಗೆ ಹುಲಿ ಯಾಕೆ ಬೇಕು ಎಂದು ಹೇಳುವುದಕ್ಕೇ ಇರುವ ಜಾಗ. 1892ರಲ್ಲಿ ಶುರುವಾದ ಮೃಗಾಲಯಕ್ಕೆ ನೂರು ವರ್ಷದ ಮೇಲೆ ಸಿಕ್ಕಿದ ಪಾಠದ ಕೋಣೆ ಅದು. ಮೃಗಾಲಯದ ಮುಂದೆ ಬಸ್ಸುಗಳ ಸಂತೆ ನೆರೆದಿರುತ್ತದೆ, ಇತ್ತ ತಿರುಗಿ ನೋಡುವವರು ಎಷ್ಟು ಮಂದಿ ಎಂದು ನೀವೇ ಒಮ್ಮೆ ನಿಂತು ಎಣಿಸಿ.

ಇಷ್ಟೆಲ್ಲ ಹೇಳಿದರೂ ನನ್ನ ನಿಜವಾದ ಜಗಳ ಇರುವುದು ಇನ್ನೊಂದು ಜಾಗದ ವಿಷಯದಲ್ಲಿ. ಅದು ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ.

ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಅದನ್ನು ಶುರುಮಾಡಿತು. ದೇ. ಜವರೇಗೌಡರ ಆಸ್ಥೆ, ಜೀ. ಶಂ. ಪರಮಶಿವಯ್ಯ, ಚಿತ್ರಕಾರ ಪಿ. ಆರ್. ತಿಪ್ಪೇಸ್ವಾಮಿ ಮುಂತಾದವರ ದುಡಿಮೆ. ಊರೂರು ಅಲೆದು, ಅಟ್ಟ ಹತ್ತಿ, ಕೊಟ್ಟಿಗೆ ಹೊಕ್ಕು, ಬಿಸಾಡಲು ಇಟ್ಟಿದ್ದನ್ನು ಕೇಳಿ ತಂದು ಜೋಡಿಸಿದರು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ದೇವರ ಮುಖವಾಡ, ವಾದ್ಯಗಳು, ದೀಪಗಳು, ಬೇಸಾಯದ ಸಾಮಾನು, ಅಳತೆಯ ಪಾತ್ರೆಗಳು ಎಲ್ಲ ಸೇರಿ ಆರು ಸಾವಿರಕ್ಕೂ ಹೆಚ್ಚು ವಸ್ತುಗಳು. ಕನ್ನಡ ಸಾಹಿತಿಗಳು ಬಳಸಿದ ವಸ್ತುಗಳಿಗೂ ಅಲ್ಲಿ ಜಾಗ ಸಿಕ್ಕಿತು. ರಾಜರು ಬಿಟ್ಟುಹೋದದ್ದನ್ನು ಕಾಯುವುದು ಸುಲಭ, ಅದು ಹೊಳೆಯುತ್ತದೆ. ಒಕ್ಕಲಿಗನ ಕೂರಿಗೆ, ಕುಂಬಾರನ ಗಡಿಗೆ ಹೊಳೆಯುವುದಿಲ್ಲ. ಅವನ್ನೂ ಕಾಯಬೇಕೆಂದು ಒಂದು ವಿಶ್ವವಿದ್ಯಾನಿಲಯಕ್ಕೆ ಅನ್ನಿಸಿದ್ದು ದೊಡ್ಡ ಮಾತು.

ಪ್ರವಾಸದ ಗುಂಪಿನಿಂದ ಬೇರೆಯಾಗಿ ಒಮ್ಮೆ ನಾನು ಇಪ್ಪತ್ತೈದು ಮಕ್ಕಳನ್ನು ಸರ್ಕಾರಿ ಬಸ್ಸಿನಲ್ಲಿ ನೇರ ಅಲ್ಲಿಗೇ ಕರೆದುಕೊಂಡು ಹೋದೆ. ಅಳತೆಯ ಪಾತ್ರೆಗಳ ಮುಂದೆ ಒಬ್ಬ ಹುಡುಗ ನಿಂತುಬಿಟ್ಟ. ತರಗತಿಯಲ್ಲಿ ಬಾಯಿ ತೆರೆಯದ ಹುಡುಗ. "ಸಾ, ಇದು ನಮ್ಮಜ್ಜಿ ತಾವ ಐತೆ ಕಣ್ ಸಾ. ಈಗ ಅದ್ರಲ್ಲಿ ಕೋಳಿ ಕಾವಿಗೆ ಕೂರುಸ್ತದೆ" ಎಂದ. ಎಲ್ಲರೂ ನಕ್ಕರು. ಅವನಿಗೆ ಅದು ತಾಗಲಿಲ್ಲ. ಕೊಳಗದಲ್ಲಿ ರಾಗಿ ಅಳೆಯುವುದು ಹೇಗೆ, ಕೈಯಿಂದ ಸವರಿದರೆ ಎಷ್ಟು, ಗೋಪುರ ಕಟ್ಟಿದರೆ ಎಷ್ಟು ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸತೊಡಗಿದ. "ಮೊದಲ್ನೇ ಸಲಕ್ಕೆ ಒಂದು ಅನ್ನಂಗಿಲ್ಲ ಸಾ, ಲಾಭ ಅನ್ಬೇಕು. ಲಾಭ, ಎರಡು, ಮೂರು..." ನಗುತ್ತಿದ್ದವರು ಸುಮ್ಮನಾದರು. ಆಮೇಲೆ ಒಬ್ಬೊಬ್ಬರದೂ ಶುರುವಾಯಿತು. ನಮ್ಮನೇಲಿ ಇದೈತೆ, ನಮ್ಮ ತಾತ ಅದ ಮಾಡ್ತಿತ್ತು, ನಮ್ಮೂರ ಹಬ್ಬದಲ್ಲಿ ಇದ ಹೊರ್ತಾರೆ. ಎರಡು ಗಂಟೆ ಹೋದದ್ದು ಗೊತ್ತಾಗಲಿಲ್ಲ. ಆ ವಾರದ ಪ್ರಬಂಧಗಳಲ್ಲಿ 'ತುಂಬಾ ಚೆನ್ನಾಗಿತ್ತು' ಎಂಬ ವಾಕ್ಯ ಒಂದರಲ್ಲೂ ಇರಲಿಲ್ಲ.

ಇದನ್ನು ಒಬ್ಬ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಒಳ್ಳೆಯವರು, ಮಕ್ಕಳನ್ನು ಕಂಡರೆ ಪ್ರೀತಿ ಇದ್ದವರು. "ಅಲ್ಲ ಮೇಷ್ಟ್ರೇ, ಹಳೇ ಮೊರ, ಒನಕೆ ತೋರ್ಸೋಕೆ ಮೈಸೂರಿಗೆ ಕರ್ಕೊಂಡು ಹೋಗ್ಬೇಕಾ? ಅದು ಅವರ ಮನೇಲೇ ಬಿದ್ದಿದೆಯಲ್ಲ" ಎಂದರು. ನಾನು ಕೇಳಿದ ಆಕ್ಷೇಪಣೆಗಳಲ್ಲೆಲ್ಲ ಇದೇ ಗಟ್ಟಿಯಾದದ್ದು, ಆದ್ದರಿಂದ ಇದಕ್ಕೆ ಉತ್ತರ ಹೇಳಲೇಬೇಕು.

ಮೊದಲನೆಯದು, ಅದು ಮನೆಯಲ್ಲಿ ಬಿದ್ದಿಲ್ಲ. ಬಿದ್ದಿದ್ದ ಕಾಲ ಮುಗಿಯಿತು. ಮೆಟ್ರಿಕ್ ಅಳತೆ ಬಂದು ಕೊಳಗ ಅಟ್ಟ ಸೇರಿತು, ಹೆಂಚಿನ ಮನೆ ಹೋಗಿ ತಾರಸಿ ಬಂದಾಗ ಅಟ್ಟವೇ ಹೋಯಿತು. ಮರದ್ದು ಒಲೆಗೆ, ಹಿತ್ತಾಳೆಯದು ಗುಜರಿಗೆ. ಹೊಸ ಮನೆಯಲ್ಲಿ ಅದಕ್ಕೆ ಮೂಲೆಯಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ನಮ್ಮ ಹಳ್ಳಿಯ ಮಗು ಮ್ಯೂಸಿಯಂ ಎಂದರೆ ರಾಜರ ಕತ್ತಿ, ರಾಣಿಯರ ಕನ್ನಡಿ ಎಂದೇ ತಿಳಿದು ಬೆಳೆಯುತ್ತದೆ. ಅದು ಬೇರೆಯವರ ಮನೆ, ತಾನು ಚಪ್ಪಲಿ ಬಿಟ್ಟು, ಬಾಯಿ ಮುಚ್ಚಿಕೊಂಡು, ಸಾಲಿನಲ್ಲಿ ಹೋಗಬೇಕಾದ ಜಾಗ. ತನ್ನ ಅಜ್ಜಿಯ ಕೊಳಗವನ್ನು ಒಂದು ದೊಡ್ಡ ಸೌಧದಲ್ಲಿ, ಹೆಸರು ಬರೆದು ಇಟ್ಟಿರುವುದನ್ನು ಆ ಮಗು ಒಮ್ಮೆ ನೋಡಲಿ. ಓದಿದವರು ಬಂದು ನೋಡುವಂಥದ್ದು ತನ್ನ ಮನೆಯಲ್ಲೂ ಇತ್ತು ಎಂದು ಅದಕ್ಕೆ ತಿಳಿಯುತ್ತದೆ. ಇದನ್ನು ಯಾವ ಪಠ್ಯಪುಸ್ತಕವೂ ಕಲಿಸಿದ್ದು ನಾನು ಕಾಣೆ. ಪಟ್ಟಣದ ಮಗುವಿಗೂ ಇದರ ಅಗತ್ಯ ಅಷ್ಟೇ ಇದೆ. ತಾನು ಉಣ್ಣುವ ಅನ್ನದ ಹಿಂದೆ ಎಷ್ಟು ಬಗೆಯ ಸಾಮಾನು, ಎಷ್ಟು ಬಗೆಯ ಕೈ ಇದ್ದವು ಎಂದು ಅದಕ್ಕೆ ಇನ್ನೆಲ್ಲಿ ಗೊತ್ತಾಗಬೇಕು?

ಈ ಸಂಗ್ರಹಾಲಯ ಇರುವುದು ಜಯಲಕ್ಷ್ಮೀ ವಿಲಾಸದಲ್ಲಿ. ಯಾರ ಮದುವೆಯ ಕಾಲದಲ್ಲಿ ಹಳೆಯ ಅರಮನೆ ಸುಟ್ಟಿತೋ ಅದೇ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಆದ ಸೌಧ. ರಾಜಕುಮಾರಿಯ ಮನೆಯಲ್ಲಿ ರೈತನ ಕೂರಿಗೆ! ಇಂಥ ಕಥೆ ಬೇರೆ ದೇಶದಲ್ಲಿದ್ದಿದ್ದರೆ ಟಿಕೇಟಿಗೆ ಸಾಲು ನಿಲ್ಲುತ್ತಿದ್ದರು. ನಮ್ಮಲ್ಲಿ ಆದದ್ದೇನು? ಕಟ್ಟಡ ಬೀಳುವಂತಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಫೌಂಡೇಷನ್ ನೆರವಿನಿಂದ ದುರಸ್ತಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ಮತ್ತೆ ಶಿಥಿಲವಾಗಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ದುರಸ್ತಿಗೆ ದಾನಿಗಳು ಸಿಕ್ಕುತ್ತಾರೆ, ಅವರ ಹೆಸರಿನ ಕಲ್ಲು ನೆಡಬಹುದು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಸೋರುವ ಜಾಗ ನೋಡುವವನಿಗೆ ಸಂಬಳ ಕೊಡುವುದಕ್ಕೆ ದಾನಿಗಳು ಸಿಕ್ಕುವುದಿಲ್ಲ, ಅದಕ್ಕೆ ಕಲ್ಲು ನೆಡಲಾಗುವುದಿಲ್ಲ. ನಮ್ಮ ಸಾರ್ವಜನಿಕ ಕಟ್ಟಡಗಳೆಲ್ಲದರ ರೋಗವೂ ಇದೇ. ಉದ್ಘಾಟನೆಗೆ ಮಂತ್ರಿಗಳು, ಆಮೇಲೆ ಗೆದ್ದಲು.

ಕೇಳಿದರೆ ಹೇಳುವ ಮಾತು: "ಜನ ಬರುವುದಿಲ್ಲ, ಏನು ಮಾಡೋಣ?" ಬರುವ ಹಾಗೆ ಎಲ್ಲಿ ಇಟ್ಟಿದ್ದೀರಿ ಸ್ವಾಮಿ? ಒಂದು ಸಂಗ್ರಹಾಲಯದ ಬಾಗಿಲಿಗೆ, ಅದರ ಹೆಸರು ಬೇಡ, ನಾನು ಮಕ್ಕಳೊಂದಿಗೆ ಹೋದದ್ದು ಒಂದು ಸರ್ಕಾರಿ ರಜೆಯ ದಿನ. ನಮಗೆ ರಜೆಯಾದ್ದರಿಂದಲೇ ಹೋದದ್ದು. ಅವರಿಗೂ ರಜೆ! ಬಾಗಿಲಲ್ಲಿ ಬೀಗ, ಬೀಗದ ಕೆಳಗೆ ಸೀಮೆಸುಣ್ಣದ ಬರಹ. ಭಾನುವಾರ ಬಾಗಿಲು ಹಾಕುವ ಸಿನಿಮಾ ಮಂದಿರದ ಮಾಲೀಕನನ್ನು ಕಂಡರೆ ನಾವು ಏನೆನ್ನುತ್ತೇವೆ? ಒಳಗೆ ಹೋದರೂ ಅನೇಕ ಕಡೆ ಕೂರಲು ಬೆಂಚಿಲ್ಲ, ಮುದುಕರಿಗೆ ಮೆಟ್ಟಿಲು, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಎಂದು ಕೇಳಿದರೆ ಕಾವಲುಗಾರ ಎತ್ತಲೋ ನೋಡುತ್ತಾನೆ. 'ಮರದ ವಸ್ತು, ಉತ್ತರ ಕರ್ನಾಟಕ' ಎಂದು ಚೀಟಿ. ಯಾವ ಮರ, ಯಾವ ಊರು, ಯಾರು ಮಾಡಿದರು, ಯಾತಕ್ಕೆ ಬಳಸಿದರು? ಅದು ಮರದ್ದು ಎಂಬುದು ಮಗುವಿಗೂ ಕಾಣುತ್ತದೆ. ಕಾಣದ್ದನ್ನು ಹೇಳುವುದಕ್ಕಲ್ಲವೇ ಚೀಟಿ?

ಇನ್ನು ಕೆಲವರು, ಸಂಸಾರಸ್ಥರು, ನನ್ನ ಮೇಲೆ ರೇಗುತ್ತಾರೆ. "ವರ್ಷಕ್ಕೊಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗ್ತೀವಿ. ಖುಷಿಯಾಗಿರಲಿ ಅಂತ. ಅಲ್ಲೂ ಪಾಠ ಹೇಳಬೇಕಾ?" ಅವರ ಕಷ್ಟ ನನಗೆ ಗೊತ್ತು. ಕೈಯಲ್ಲಿರುವುದು ಒಂದೇ ರಜೆ, ಜೇಬಿನಲ್ಲಿರುವುದು ಅಳತೆಯ ದುಡ್ಡು. ಖುಷಿ ಬೇಡವೆಂದು ಯಾರು ಹೇಳಿದರು? ಆದರೆ ಆ ದಿನದ ಕೊನೆಗೆ ಬಸ್ ನಿಲ್ದಾಣದಲ್ಲಿ ಈ ಸಂಸಾರಗಳ ಮುಖ ನೋಡಿದ್ದೇನೆ. ಅಳುವ ಮಗು, ಗದರುವ ಅಪ್ಪ, ಚೀಲ ಹೊತ್ತು ಸೋತ ತಾಯಿ. ಏಳು ಜಾಗ ನೋಡಿದ ಖುಷಿ ಆ ಮುಖಗಳಲ್ಲಿ ಎಲ್ಲಿತ್ತು? ಎರಡು ಜಾಗ ನೋಡಿ, ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು, ಮಗು ಕೇಳಿದ್ದಕ್ಕೆ ಉತ್ತರ ಹೇಳಿ ಬಂದವರ ಮುಖವನ್ನೂ ನೋಡಿದ್ದೇನೆ. ಆ ಮಾತಿಗೆ ಸಾಕ್ಷಿ ಬೇಕಿಲ್ಲ, ನೀವೇ ಒಮ್ಮೆ ಮಾಡಿ ನೋಡಬಹುದು.

ಇತ್ತೀಚಿನ ವರ್ಷಗಳಲ್ಲಿ ಮೈಸೂರಿನಲ್ಲಿ ಮೇಣದ ಗೊಂಬೆಗಳದು, ಮರಳಿನ ಶಿಲ್ಪಗಳದು ಎಂದು ಖಾಸಗಿಯವರ ಮ್ಯೂಸಿಯಂಗಳು ಬಂದಿವೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಭಾನುವಾರ ತೆರೆಯುತ್ತಾರೆ, ಗುಡಿಸುತ್ತಾರೆ, ಬಂದವರನ್ನು ನಗುತ್ತ ಕರೆಯುತ್ತಾರೆ. ಅಷ್ಟರ ಮಟ್ಟಿಗೆ ಸರ್ಕಾರದವರು ಅವರ ಕಾಲಿಗೆ ಬಿದ್ದು ಕಲಿಯಬೇಕು. ಆದರೆ ಅವರ ಮೇಣ ಕರಗಿದರೆ ಮತ್ತೆ ಎರಕ ಹೊಯ್ಯಬಹುದು. ತೊಗಲುಗೊಂಬೆಯ ತೊಗಲು ಮುರಿದರೆ, ಬಣ್ಣ ಉದುರಿದರೆ, ಅದನ್ನು ಮಾಡಿದ ಕೈಯನ್ನು ಎಲ್ಲಿಂದ ತರುತ್ತೀರಿ?

ಬೈಯುವುದು ಸುಲಭ, ಏನು ಮಾಡಬೇಕು ಹೇಳಿ ಎನ್ನುವವರಿಗೆ ನನ್ನ ಹತ್ತಿರ ದೊಡ್ಡ ಯೋಜನೆಯಿಲ್ಲ, ನಾಲ್ಕು ಸಣ್ಣ ಬೇಡಿಕೆಗಳಿವೆ. ಒಂದು, ಶಾಲೆಗಳ ಪ್ರವಾಸಕ್ಕೆ ದಿನಕ್ಕೆ ಎರಡೇ ಜಾಗ, ಅದರಲ್ಲಿ ಒಂದು ಸಂಗ್ರಹಾಲಯ ಎಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ. ಬೇಡದ ಸುತ್ತೋಲೆಗಳನ್ನು ಎಷ್ಟೋ ಹೊರಡಿಸಿದೆ, ಬೇಕಾದದ್ದು ಒಂದಿರಲಿ. ಎರಡು, ಸಾರ್ವಜನಿಕ ದುಡ್ಡಿನ ಸಂಗ್ರಹಾಲಯಗಳೆಲ್ಲ ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ತೆರೆದಿರಲಿ. ನೌಕರರಿಗೆ ವಾರದ ನಡುವೆ ರಜೆ ಕೊಡಲಿ. ಮಂಗಳವಾರ ರಜೆ ಮಾಡಿ ಭಾನುವಾರ ಜನರನ್ನು ಬಿಟ್ಟುಕೊಳ್ಳುವ ಮೃಗಾಲಯ ಕಣ್ಣೆದುರಿಗೇ ಇದೆ. ಮೂರು, ಪ್ರತಿ ವಸ್ತುವಿನ ಮುಂದೆ ಏಳನೇ ಕ್ಲಾಸಿನ ಮಗು ಓದಿ ಅರ್ಥಮಾಡಿಕೊಳ್ಳುವಂಥ ಎರಡು ವಾಕ್ಯದ ಕನ್ನಡ 'ಇದನ್ನು ಯಾರು, ಯಾತಕ್ಕೆ ಬಳಸಿದರು' ಎಂದು ಹೇಳಲಿ. ವಿಶ್ವವಿದ್ಯಾನಿಲಯದಲ್ಲಿ ಜಾನಪದ ಓದುವ ಹುಡುಗ ಹುಡುಗಿಯರಿದ್ದಾರೆ, ಒಂದು ಬೇಸಿಗೆಯ ಕೆಲಸ. ನಾಲ್ಕು, ಜಯಲಕ್ಷ್ಮೀ ವಿಲಾಸದಂಥ ಕಟ್ಟಡಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ ಕೋಟಿಗಟ್ಟಲೆ ಸುರಿಯುವ ಬದಲು ಪ್ರತಿ ವರ್ಷ ತಪ್ಪದೆ ಬರುವ ಒಂದು ಮೊತ್ತ ಬಜೆಟ್ಟಿನಲ್ಲಿ ಬೇರೆಯೇ ಕಾಣಲಿ.

ಇದು ತಡೆದುಕೊಳ್ಳುವ ಕೆಲಸವಲ್ಲವೆಂದು ಹೇಳಲು ಎರಡು ಬೆಂಕಿಗಳನ್ನು ನೆನೆಸುತ್ತೇನೆ. ನಮ್ಮ ಕಾರಂಜಿ ಕೆರೆಯ ಸಂಗ್ರಹಾಲಯಕ್ಕೆ ತಾಯಿಯಾಗಿದ್ದ ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಬೆಂಕಿಗೆ ಸಿಕ್ಕಿ ಹೋಯಿತು. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್ ದೇಶದ ರಿಯೋದಲ್ಲಿ ಇನ್ನೂರು ವರ್ಷದ ರಾಷ್ಟ್ರೀಯ ಸಂಗ್ರಹಾಲಯ ಒಂದೇ ರಾತ್ರಿಯಲ್ಲಿ ಉರಿಯಿತು. ಈಗ ಯಾರೂ ಆಡದ ಬುಡಕಟ್ಟು ನುಡಿಗಳ ಧ್ವನಿಮುದ್ರಣಗಳೂ ಅದರೊಂದಿಗೆ ಹೋದವು. ಆ ಬೆಂಕಿಗಳನ್ನು ಲೋಕವೆಲ್ಲ ನೋಡಿತು, ಅಯ್ಯೋ ಎಂದಿತು. ಸೋರುವ ಮಾಡು, ನೆನೆದ ಗೋಡೆ, ಗೆದ್ದಲು ಇವು ಮಾಡುವುದೂ ಅದೇ ಕೆಲಸವನ್ನೇ. ಹೊಗೆ ಏಳುವುದಿಲ್ಲ, ಆದ್ದರಿಂದ ಯಾರೂ ಅಯ್ಯೋ ಎನ್ನುವುದಿಲ್ಲ.

ಈ ಡಿಸೆಂಬರಿನಲ್ಲೂ ಬಸ್ಸುಗಳು ಹೊರಡುತ್ತವೆ. ಅರಮನೆಗೆ ದೀಪ ಹಾಕುತ್ತಾರೆ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಕಾರಂಜಿಯ ನೀರು ಕುಣಿಯುತ್ತಲೇ ಇರುತ್ತದೆ. ಅವನ್ನು ಮುಂದಿನ ವರ್ಷವೂ ನೋಡಬಹುದು, ಅದರ ಮುಂದಿನ ವರ್ಷವೂ ನೋಡಬಹುದು. ಆ ಕೊಳಗದ ಬಗ್ಗೆ ಮಾತ್ರ ನಾನು ಹಾಗೆ ಭರವಸೆ ಕೊಡಲಾರೆ. ಮೊದಲು ಅದನ್ನು ತೋರಿಸಿ.